ಕೊಡಗಿನ ಮನೆ ವೈನ್: ಬಾಟಲಿ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಕುಶಾಲನಗರ ದಾಟಿದರೆ ಸಾಕು, ‘ಕೂರ್ಗ್ ಹೋಮ್‌ಮೇಡ್ ವೈನ್’ ಬೋರ್ಡುಗಳು ಶುರು. ಇಷ್ಟೊಂದು ವೈನ್ ಇದ್ದ ಮೇಲೆ ದ್ರಾಕ್ಷಿ ತೋಟವೂ ಇರಲೇಬೇಕು, ನೋಡಿಕೊಂಡೇ ಬರೋಣ ಅಂತ ಹೊರಟವರು ನಾವು. ತೋಟ ಎಲ್ಲಿ ಅಂತ ಕೇಳಿದ್ದಕ್ಕೆ ಜನ ನಕ್ಕರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಆ ಮಳೆಗೆ ದ್ರಾಕ್ಷಿ ಬಳ್ಳಿಗೆ ಬೂಜುರೋಗ ಬರದೆ ಇರುತ್ತದೆಯೇ? ಅಲ್ಲಿರುವುದು ಕಾಫಿ, ಕರಿಮೆಣಸು, ಕಿತ್ತಳೆ. ದ್ರಾಕ್ಷಿ ಬಯಲುಸೀಮೆಯಿಂದ ಬರುತ್ತದೆ, ಅದೂ ಹೆಚ್ಚಾಗಿ ಬೆಂಗಳೂರು ಬ್ಲೂ. ನಮ್ಮ ದೊಡ್ಡಬಳ್ಳಾಪುರದ ಹಣ್ಣಿನ ರಸ ಕುಡಿಯಲು 250 ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗಿದ್ದೆವು!

ಮಡಿಕೇರಿಯಲ್ಲಿ ಆಟೋದವನು ‘ಒಳ್ಳೆ ಅಂಗಡಿ ಸಾರ್’ ಅಂತ ತಾನೇ ಕರೆದುಕೊಂಡು ಹೋದ. ಅಲ್ಲೇ ಎಚ್ಚರವಾಗಬೇಕಿತ್ತು. ವೀಳ್ಯದೆಲೆ, ಶುಂಠಿ, ನೆಲ್ಲಿ, ಗಾಂಧಾರಿ ಮೆಣಸು, ಎಲ್ಲದರ ವೈನೂ ಸಾಲಾಗಿ ನಿಂತಿತ್ತು. ರುಚಿಗೆ ಕೊಟ್ಟ ಗುಟುಕು ಚೆನ್ನಾಗಿಯೇ ಇತ್ತು. 400 ರೂಪಾಯಿ ಕೊಟ್ಟು ವೀಳ್ಯದೆಲೆಯದು ಒಂದು ತಂದು ರೂಮಿನಲ್ಲಿ ತೆರೆದರೆ, ಹಸಿರು ಬಣ್ಣದ ಗುಲ್ಕನ್ ಶರಬತ್ತು. ಅಮಲು ಹೋಗಲಿ, ಹುಳಿಯೂ ಇಲ್ಲ. ಆಮೇಲೆ ತಿರುಗಿಸಿ ನೋಡಿದೆ: ತಯಾರಾದ ದಿನಾಂಕವಿಲ್ಲ, ಆಲ್ಕೋಹಾಲ್ ಎಷ್ಟು ಅಂತಿಲ್ಲ, ಅಬಕಾರಿ ಲೈಸೆನ್ಸ್ ನಂಬರೂ ಇಲ್ಲ. ಲೈಸೆನ್ಸ್ ಇಲ್ಲದೆ ವೈನ್ ಮಾರುವುದು ಅಪರಾಧ, ಹಾಗಾಗಿ ಈ ಮೂರನ್ನೂ ನೋಡದೆ ದುಡ್ಡು ಬಿಚ್ಚಬೇಡಿ.

ಆ ಸಿಟ್ಟು ಇಳಿದದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ. ನಾಲ್ಕೇ ಟೇಬಲ್ಲು, ಗೋಡೆಗೆಲ್ಲ ಹೊಗೆ. ಬಿಸಿ ಕಡಂಬುಟ್ಟು (ಅಕ್ಕಿತರಿಯ ಹಬೆಯುಂಡೆ), ಜೊತೆಗೆ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು. ಕರಿ ನಿಜಕ್ಕೂ ಕಪ್ಪಗಿರಬೇಕು. ಆ ಬಣ್ಣ, ಆ ಹುಳಿ ಎರಡೂ ಕಾಚಂಪುಳಿಯದು, ಉಪ್ಪಾಗೆ ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಇಳಿಸುವುದು. ಕೊಬ್ಬಿನ ತುಂಡು ಬಾಯಲ್ಲಿ ಕರಗಿ, ಮೆಣಸಿನ ಖಾರ ನಿಧಾನಕ್ಕೆ ಏರುತ್ತದೆ. ಇಬ್ಬರೂ ಹೊಟ್ಟೆ ಬಿರಿಯ ತಿಂದರೂ ಬಿಲ್ಲು ಆ ಬಾಟಲಿಯಷ್ಟು ಆಗಲಿಲ್ಲ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ಆಮೇಲೆ ಕರಿ ಮುಗಿದಿರುತ್ತದೆ. ಸೂರ್ಯಾಸ್ತ ನೋಡುವ ರಾಜಾಸೀಟಿಗೆ ಗೇಟಿನವರೆಗೆ ಹೋಗಿ ಜನಜಾತ್ರೆ ನೋಡಿ ವಾಪಸ್ ಬಂದೆವು. ಶನಿವಾರ, ಭಾನುವಾರ ಆ ಕಡೆ ತಲೆ ಹಾಕಬೇಡಿ.

ಅಸಲಿ ವೈನ್ ಸಿಕ್ಕಿದ್ದು ನಾಪೋಕ್ಲು ಕಡೆಯ ಹೋಮ್‌ಸ್ಟೇಯಲ್ಲಿ. ಆ ಮನೆಯ ಆಂಟಿ ಉಗ್ರಾಣದ ಬಾಗಿಲು ತೆರೆದು ಬಾಯಿಗೆ ಬಟ್ಟೆ ಕಟ್ಟಿದ ಭರಣಿಗಳನ್ನು ತೋರಿಸಿದರು. ಹಿಸುಕಿದ ದ್ರಾಕ್ಷಿ, ಸಕ್ಕರೆ, ಈಸ್ಟ್, ಒಂದು ಹಿಡಿ ಗೋಧಿ. 21 ದಿನ ಮರದ ಸೌಟಿನಲ್ಲಿ ದಿನಾ ಕದಡಿ, ಸೋಸಿ, ಮತ್ತೆ ತಿಂಗಳುಗಟ್ಟಲೆ ಇಡಬೇಕಂತೆ. ‘ಮಾರೋಕಲ್ಲಪ್ಪ, ನೆಂಟರಿಗೆ’ ಅಂದರು. ಊಟದ ಜೊತೆ ಒಂದೊಂದು ಲೋಟ ಕೊಟ್ಟರು. ಒಗರು, ಹುಳಿ, ಕೊನೆಗೆ ಎದೆಯಲ್ಲಿ ಬೆಚ್ಚಗೆ.

ಹೊರಡುವಾಗ ಹೊಸ ವೈನ್ ಒಂದು ಬಾಟಲಿ ಕೈಗಿಟ್ಟು, ‘ಇನ್ನೂ ಹುದುಗ್ತಾ ಇದೆ, ಬಿರಡೆ ಬಿಗಿ ಮಾಡ್ಬೇಡಿ’ ಅಂದಿದ್ದರು. ಚೆಲ್ಲೀತು ಅಂತ ನಾನೇ ಬಿಗಿದೆ. ಸುಂಟಿಕೊಪ್ಪದ ತಿರುವಿನಲ್ಲಿ ಬ್ಯಾಗಿನೊಳಗೆ ‘ಢಬ್’ ಅಂತು. ಹೆಂಡತಿಯ ಎರಡು ಸೀರೆ, ಪಕ್ಕದವರ ಚಪ್ಪಲಿ ಎಲ್ಲ ನೇರಳೆ. ಶರಬತ್ತಿನ ಬಾಟಲಿಗೆ ಒಂದು ಗೀರೂ ಬಿದ್ದಿರಲಿಲ್ಲ.