ಕಾರವಾರಕ್ಕೆ ಹೊರಟವರು ಒಂದು ರಾತ್ರಿ ಉಳಿಯಿರಿ, ಬೆಳಿಗ್ಗೆ ಕೂರ್ಮಗಡಕ್ಕೆ ದೋಣಿ ಹತ್ತಿ

ಕಾರವಾರ ಅಂದರೆ ಗೋವಾಕ್ಕೆ ಹೋಗುವಾಗ ಚಹಾಕ್ಕೆ ನಿಲ್ಲಿಸುವ ಊರು ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದಾರೆ. ಟಾಗೋರ್ ಬೀಚಿನಲ್ಲಿ ನಾಲ್ಕು ಫೋಟೊ ಹೊಡೆದು, ಕಾಳಿ ಸೇತುವೆ ದಾಟಿ ಹೋಗಿಯೇ ಬಿಡುತ್ತಾರೆ. ಈ ಊರಿನ ಮಜಾ ಇರೋದು ಬೆಳಗಿನ ಹೊತ್ತು, ಅದೂ ನೀರಿನ ಮೇಲೆ. ಅದಕ್ಕೇ ಹಿಂದಿನ ದಿನ ಸಂಜೆಯೇ ಬಂದು ಉಳಿಯಬೇಕು ಅಂತ ನಾನು ಎಲ್ಲರಿಗೂ ಹೇಳೋದು.

ನಾವು ಶಿರಸಿಯವರು. ಕುಮಟಾ ಮೇಲಿಂದ ಬರೋದಾದರೆ ದೇವಿಮನೆ ಘಟ್ಟ, ಯಲ್ಲಾಪುರದ ಮೇಲಿಂದಾದರೆ ಅರಬೈಲ್ ಘಟ್ಟ. ದೇವಿಮನೆಯಲ್ಲಿ ರಸ್ತೆ ಕೆಲಸಕ್ಕೆ ಆಗಾಗ ವಾಹನ ಬಿಡದ ದಿನಗಳೂ ಇದ್ದವು, ಆದ್ದರಿಂದ ಹೊರಡುವ ಮುಂಚೆ ಕುಮಟಾ ಕಡೆಯವರಿಗೆ ಒಂದು ಫೋನ್ ಮಾಡಿ ಕೇಳಿ. ಬೆಂಗಳೂರಿನವರಿಗೆ ಪಂಚಗಂಗಾ ರೈಲು ಸಲೀಸು, ಸಂಜೆ ಹತ್ತಿದರೆ ಬೆಳಿಗ್ಗೆ ಕಾರವಾರ. ನಿಲ್ದಾಣ ಇರೋದು ಶಿರವಾಡದಲ್ಲಿ, ಊರಿನಿಂದ ದೂರ. ಇಳಿದ ಕೂಡಲೇ ಆಟೊ ಹಿಡಿಯಿರಿ, ತಡ ಮಾಡಿದರೆ ಕಾಯಬೇಕಾಗುತ್ತೆ.

ಮಳೆಗಾಲದಲ್ಲಿ ಮಾತ್ರ ಬರಬೇಡಿ. ಕೂರ್ಮಗಡ ದ್ವೀಪಕ್ಕೆ ದೋಣಿ ಬಿಡೋದಿಲ್ಲ. ಹೆದ್ದಾರಿಯೂ ನಂಬಿಕೆಗೆ ಸಾಲದು: 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೆನಪಿರಬೇಕಲ್ವಾ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಗೂ ನಿಷೇಧ, ಹಾಗಾಗಿ ಮೀನುಗಾರಿಕೆ ಬಂದರು ಕೂಡ ಅರ್ಧ ಮಲಗಿರುತ್ತೆ. ನವೆಂಬರಿನಿಂದ ಫೆಬ್ರವರಿ ಒಳ್ಳೆ ಕಾಲ.

ಇನ್ನು ಕೂರ್ಮಗಡ. ಮ್ಯಾಪಿನಲ್ಲಿ ಕುರುಮಗಡ ಅಂತಲೂ ಸಿಗುತ್ತೆ. ದೋಣಿಗೆ ಕಾರವಾರದ ಕೋಡಿಬಾಗದಲ್ಲಿ ವಿಚಾರಿಸಬೇಕು, ಅದೂ ಹಿಂದಿನ ಸಂಜೆಯೇ. ಬೆಳಿಗ್ಗೆ ಎದ್ದು ಹುಡುಕುತ್ತಾ ಹೋದರೆ ಹೊತ್ತು ಏರಿಬಿಡುತ್ತೆ, ರೇಟೂ ಏರುತ್ತೆ. ಇಡೀ ದೋಣಿಗೆ ಎಷ್ಟು, ಎಷ್ಟು ಜನರನ್ನು ಕೂರಿಸುತ್ತಾರೆ, ದ್ವೀಪದಲ್ಲಿ ನಮಗಾಗಿ ಎಷ್ಟು ಹೊತ್ತು ಕಾಯುತ್ತಾರೆ, ಡಾಲ್ಫಿನ್ ತೋರಿಸಲು ಸುತ್ತು ಹಾಕಿದರೆ ಅದಕ್ಕೆ ಬೇರೆ ದುಡ್ಡಾ, ಇಷ್ಟನ್ನೂ ಮೊದಲೇ ಬಾಯಿಬಿಟ್ಟು ಕೇಳಿ. ಕಾಯುವ ಲೆಕ್ಕ ಮಾತಾಡದೇ ಹೋದರೆ ಗುಡ್ಡ ಹತ್ತಿ ಉಸಿರು ಬಿಡುವಷ್ಟರಲ್ಲಿ ಕೆಳಗಿನಿಂದ ಕೂಗು ಶುರುವಾಗುತ್ತೆ.

ಮತ್ತೆ ಲೈಫ್ ಜಾಕೆಟ್. ಇದರಲ್ಲಿ ದಾಕ್ಷಿಣ್ಯ ಬೇಡವೇ ಬೇಡ. 2019ರ ಜನವರಿ 21ರಂದು ಇದೇ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಹೋದರು. ದೋಣಿಯಲ್ಲಿ ಜನ ತುಂಬಿದ್ದರು. ನಮಗೆ ಕೊಟ್ಟ ಜಾಕೆಟ್‌ಗಳಲ್ಲಿ ನನ್ನ ಹೆಂಡತಿಯದ್ದರ ಬಕಲ್ ಒಡೆದಿತ್ತು, ಒಂದು ಹಲ್ಲೇ ಇಲ್ಲ, ಎಷ್ಟು ಒತ್ತಿದರೂ ಕೂರುತ್ತಿರಲಿಲ್ಲ. ದೋಣಿಯ ಹುಡುಗ ಅದನ್ನು ನೈಲಾನ್ ದಾರದಲ್ಲಿ ಬಿಗಿಯಲು ಬಂದ. "ಅಕ್ಕ, ಗಂಟು ಹಾಕಿದ್ರೆ ಆಯ್ತು, ಏನೂ ಆಗಲ್ಲ." "ಗಂಟು ಬೇಡ ತಮ್ಮಾ, ಬೇರೆ ಕೊಡು. ಇಲ್ಲಾಂದ್ರೆ ನಾ ಇಲ್ಲೇ ಕೂತಿರ್ತೆ, ನೀವೆಲ್ಲ ಹೋಗ್ಬನ್ನಿ." ಬೇರೆಯದು ಬಂತು. ಕೇಳಿದರೆ ಇರುತ್ತೆ, ಕೇಳಬೇಕು ಅಷ್ಟೇ.

ದೋಣಿಯವರ ಕೈ ಚಳಕದ ಬಗ್ಗೆ ನನಗೆ ಅನುಮಾನವಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿ ನೀರಿಗೆ ಬಿದ್ದಾಗ ಚಾಲಕನ ಜೀವ ಉಳಿಸಲು ಪೊಲೀಸರ ಜೊತೆ ಮುಂದಾದವರು ಇಲ್ಲಿಯ ಮೀನುಗಾರರೇ. ಆದರೆ ಸಮುದ್ರ ಯಾರ ಮಾತನ್ನೂ ಕೇಳೋದಿಲ್ಲ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿ ಎದ್ದು ಬೀಳುತ್ತೆ. ಬೆಳಿಗ್ಗೆ ನೀರು ತಟ್ಟೆಯ ಹಾಗೆ ಇದ್ದರೂ ಹೊತ್ತು ಏರಿದಂತೆ ನೆಲ ಕಾದು ಸಮುದ್ರದ ಗಾಳಿ ಜೋರಾಗುತ್ತೆ, ಮಧ್ಯಾಹ್ನ ವಾಪಸ್ ಬರುವವರು ಪೂರ್ತಿ ತೊಯ್ದುಕೊಂಡೇ ಬರುತ್ತಾರೆ. ಬೇಗ ಹೋಗಿ, ಬೇಗ ಬನ್ನಿ. ಫೋನು, ದುಡ್ಡು ಪ್ಲಾಸ್ಟಿಕ್ ಚೀಲದಲ್ಲಿರಲಿ.

ದ್ವೀಪದಲ್ಲಿ ಅಂಗಡಿ ಪಂಗಡಿ ಇಲ್ಲ. ನೀರು ಕಟ್ಟಿಕೊಂಡು ಹೋಗಿ, ಖಾಲಿ ಬಾಟಲಿ ವಾಪಸ್ ತನ್ನಿ. ಇಳಿಯುವಲ್ಲಿ ಕಲ್ಲು ಪಾಚಿ ಕಟ್ಟಿರುತ್ತೆ, ಹವಾಯಿ ಚಪ್ಪಲಿ ಹಾಕಿದವರು ಜಾರದೇ ಬಂದದ್ದು ನಾನು ಕಾಣೆ. ಮೇಲೆ ನರಸಿಂಹ ದೇವರ ಗುಡಿ. ಅಲ್ಲಿಂದ ನೋಡಿದರೆ ಒಂದು ಕಡೆ ದೇವಬಾಗದ ಗಾಳಿ ಮರಗಳ ಸಾಲು, ಇನ್ನೊಂದು ಕಡೆ ದೀಪಸ್ತಂಭದ ದ್ವೀಪ, ಸಹ್ಯಾದ್ರಿ ಇಷ್ಟು ಹತ್ತಿರಕ್ಕೆ ಬಂದು ಸಮುದ್ರಕ್ಕೆ ಕಾಲು ಹಾಕಿರೋದು ಬೇರೆ ಕಡೆ ಸಿಗೋದು ಕಷ್ಟ. ಪುಷ್ಯ ಹುಣ್ಣಿಮೆಗೆ ಇಲ್ಲಿ ಜಾತ್ರೆ, ಮೀನುಗಾರರು ತಮ್ಮ ದೋಣಿಗಳನ್ನು ಸಿಂಗರಿಸಿ ಬರುತ್ತಾರೆ, ಗೋವಾದಿಂದಲೂ ಭಕ್ತರು ಬಾಳೆಗೊನೆ ಹರಕೆ ಹೊತ್ತು ಬರುತ್ತಾರೆ. ದೇವರ ಮೇಲೆ ಭಕ್ತಿ ಇದ್ದವರು ಆಗ ಬನ್ನಿ. ಸುಮ್ನೆ ದ್ವೀಪ ನೋಡಬೇಕು ಅನ್ನುವವರಿಗೆ ಬೇರೆ ಯಾವ ದಿನವಾದರೂ ಆಗುತ್ತೆ, ಆ ಗದ್ದಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬರಬೇಡಿ.

ಅಂಜುದೀವ್ ದ್ವೀಪಕ್ಕೆ ಹೋಗಬಹುದಾ ಅಂತ ಕೆಲವರು ಕೇಳುತ್ತಾರೆ. ಅದು ನೌಕಾಪಡೆಯ ಸುಪರ್ದಿಯಲ್ಲಿದೆ, ಆಸೆ ಬಿಡಿ. ಅರಗಾ ಕಡೆ ನೌಕಾನೆಲೆಯ ಗೋಡೆ, ಗೇಟು ಕಂಡಲ್ಲಿ ಮೊಬೈಲ್ ಕೂಡ ಹೊರಗೆ ತೆಗೆಯಬೇಡಿ. ಹಡಗು ನೋಡಲೇಬೇಕು ಅಂತ ಮಕ್ಕಳು ಹಟ ಹಿಡಿದರೆ ಬೀಚಿನ ಪಕ್ಕದಲ್ಲೇ ಮ್ಯೂಸಿಯಂ ಆಗಿರುವ ಹಳೆ ಯುದ್ಧನೌಕೆ ಐಎನ್‌ಎಸ್ ಚಪಲ್ ನಿಂತಿದೆ. ಒಳಗೆ ಇಳಿದು ನೋಡಬಹುದು, ಸೆಖೆ ಮಾತ್ರ ಸಿಕ್ಕಾಪಟ್ಟೆ.

ಸಂಜೆಗೆ ಸದಾಶಿವಗಡ ಕೋಟೆಗುಡ್ಡ, ಬೆಳಿಗ್ಗೆಗೆ ಬೈತಖೋಲ್ ಮೀನುಗಾರಿಕೆ ಬಂದರು. ದ್ವೀಪ, ಬಂದರು ಎರಡೂ ಒಂದೇ ಬೆಳಿಗ್ಗೆಗೆ ಆಗೋದಿಲ್ಲ, ಹಾಗಾಗಿ ಇನ್ನೊಂದು ರಾತ್ರಿ ಸಿಕ್ಕರೆ ಒಳ್ಳೆಯದು. ಟ್ರಾಲರ್, ಪರ್ಸೀನ್ (ದೊಡ್ಡ ಸುತ್ತುಬಲೆಯ) ಬೋಟುಗಳು ಬಂದು ನಿಂತಾಗ ಬುಟ್ಟಿ ಬುಟ್ಟಿ ಬಂಗಡೆ ಇಳಿಯುತ್ತೆ, ಐಸಿನ ನೀರು ಕಾಲಡಿ ಹರಿಯುತ್ತಿರುತ್ತೆ. ದಾರಿಗೆ ಅಡ್ಡ ನಿಂತು ಫೋಟೊ ತೆಗೆಯಬೇಡಿ, ಬುಟ್ಟಿ ಹೊತ್ತವರು ಬೈಯುತ್ತಾರೆ, ಬೈಯಲೇಬೇಕು. ನಾವು ಸಸ್ಯಾಹಾರಿಗಳು, ಆದರೂ ಅಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಮೀನು ತಿನ್ನುವ ಗೆಳೆಯನಿಗೆ ಮಧ್ಯಾಹ್ನ ಬಂಗಡೆ ಹುರಿದದ್ದು, ತಿಸ್ರೆ (ಚಿಪ್ಪುಮೀನು) ಸುಕ್ಕಾ ಇರುವ ಊಟ ಸಿಕ್ಕಿತು, ಅವನು ಸಂಜೆವರೆಗೆ ಮಾತೇ ಆಡಲಿಲ್ಲ.

ಭಾನುವಾರವಾದರೆ ಊರಲ್ಲಿ ಸಂತೆ, ಸೊಪ್ಪು ತರಕಾರಿ ಅಲ್ಲಿ ಚೆನ್ನಾಗಿರುತ್ತೆ. ಹಸಿ ಮೀನು ಮನೆಗೆ ಒಯ್ಯೋದಾದರೆ ಸ್ವಂತ ಗಾಡಿ ಇರಬೇಕು, ಥರ್ಮೊಕೋಲ್ ಡಬ್ಬಿಗೆ ಐಸ್ ಹಾಕಿಸಿಕೊಳ್ಳಿ. ಬಸ್ಸಿನಲ್ಲಿ ಬರುವವರು ಒಣ ಮೀನನ್ನೂ ಮರೆತುಬಿಡಿ, ಕಂಡಕ್ಟರ್ ಮೂಗಿಗೆ ಗೊತ್ತಾಗದೇ ಇರೋದಿಲ್ಲ.