ಹೊಸ ಒಡಂಬಡಿಕೆ ಬಂದ ಮೇಲೆ ಹಳೆಯದು ಯಾಕೆ?

ಬೈಬಲ್ ಅಧ್ಯಯನಕ್ಕೆ ಕೂತಾಗ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಯೇಸು ಹೊಸ ಒಡಂಬಡಿಕೆ ಮಾಡಿದರು ಅಂದ ಮೇಲೆ ಹಳೆಯದು ಮುಗಿದ ಹಾಗೆ ಅಲ್ವಾ? ಮೋಶೆ, ಯೆಹೋಶುವ, ಯೆರೆಮೀಯ ಅಂತ ಇನ್ನೂ ಯಾಕೆ ಓದಬೇಕು?"

ಒಡಂಬಡಿಕೆ ಅಂದರೆ ದೇವರು ತನ್ನ ಜನರ ಜೊತೆ ಮಾಡಿಕೊಂಡ ಒಪ್ಪಂದ. ಅದನ್ನು ಹೊಸದು ಮಾಡುವುದು ಇಸ್ರಾಯೇಲರಿಗೆ ಬಹಳ ಹಳೆಯ ರೂಢಿ. ಅದು ಗೊತ್ತಿಲ್ಲದೆ ಓದಿದರೆ, ಕೊನೆಯ ರಾತ್ರಿ ಊಟಕ್ಕೆ ಕೂತು ಯೇಸು ಆಡಿದ ಮಾತು ನಮಗೆ ಅರ್ಧ ಮಾತ್ರ ಕೇಳಿಸುತ್ತದೆ.

ಸೀನಾಯಿ ಬೆಟ್ಟದಿಂದಲೇ ನೋಡಿ. ವಿಮೋಚನಕಾಂಡದ 24ನೇ ಅಧ್ಯಾಯದಲ್ಲಿ ಮೋಶೆ ಒಡಂಬಡಿಕೆಯ ಗ್ರಂಥ ಓದುತ್ತಾನೆ. ಜನ ಒಪ್ಪುತ್ತಾರೆ. ಬಲಿಯ ರಕ್ತದಲ್ಲಿ ಅರ್ಧವನ್ನು ಯಜ್ಞವೇದಿಗೂ ಉಳಿದರ್ಧವನ್ನು ಜನರ ಮೇಲೂ ಚಿಮುಕಿಸುತ್ತಾನೆ. ಆಮೇಲೆ ಹಿರಿಯರು ಬೆಟ್ಟ ಹತ್ತಿ ದೇವರ ಮುಂದೆ ಕೂತು ಊಟ ಮಾಡುತ್ತಾರೆ. ರಕ್ತ, ಮಾತು, ಊಟ ಮೂರೂ ಅಲ್ಲಿವೆ. ಆದರೆ ಮೋಶೆ ಬೆಟ್ಟದಿಂದ ಇಳಿಯುವಷ್ಟರಲ್ಲಿ ಕೆಳಗೆ ಚಿನ್ನದ ಕರು ನಿಂತಿರುತ್ತದೆ. ದೇವರ ಆಜ್ಞೆ ಬರೆದಿದ್ದ ಕಲ್ಲಿನ ಹಲಗೆಗಳು ಒಡೆದುಹೋಗುತ್ತವೆ. ಜನರ ಪರವಾಗಿ ಮೋಶೆ ಬೇಡಿಕೊಂಡ ಮೇಲೆ ಬೇರೆ ಹಲಗೆಗಳು ಸಿದ್ಧವಾಗುತ್ತವೆ. ಒಡಂಬಡಿಕೆ ಮಾಡಿದ ತಲೆಮಾರಿನಲ್ಲೇ ಅದು ಮುರಿಯಿತು, ಅದೇ ತಲೆಮಾರಿನಲ್ಲೇ ಹೊಸದಾಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸುವುದು ಧರ್ಮೋಪದೇಶಕಾಂಡ. ನಲವತ್ತು ವರ್ಷ ಕಳೆದಿದೆ. ಈಜಿಪ್ಟಿನಿಂದ ದೊಡ್ಡವರಾಗಿ ಹೊರಟವರು ಹೆಚ್ಚುಕಡಿಮೆ ಎಲ್ಲರೂ ಮರುಭೂಮಿಯಲ್ಲೇ ತೀರಿಕೊಂಡಿದ್ದಾರೆ. ಮೋವಾಬಿನಲ್ಲಿ ಅವರ ಮಕ್ಕಳ ಮುಂದೆ ನಿಂತು ಮೋಶೆ ಹೇಳುತ್ತಾನೆ: ದೇವರು ಈ ಒಡಂಬಡಿಕೆ ಮಾಡಿದ್ದು ನಮ್ಮ ಹಿರಿಯರ ಜೊತೆಯಲ್ಲ, ಇವತ್ತು ಇಲ್ಲಿ ಬದುಕಿರುವ ನಮ್ಮ ಜೊತೆ. ಮುಂದೆ 29ನೇ ಅಧ್ಯಾಯದಲ್ಲಿ, ಇಲ್ಲಿ ಇಲ್ಲದವರ ಜೊತೆಗೂ ಎನ್ನುತ್ತಾನೆ. ಅಪ್ಪ ಮಾಡಿದ ಮಾತು ಎಂದು ಮಕ್ಕಳು ಪಕ್ಕಕ್ಕೆ ನಿಲ್ಲುವ ಹಾಗಿಲ್ಲ. ಪ್ರತಿ ತಲೆಮಾರೂ ತಾನೇ ಬಾಯಿಬಿಟ್ಟು ಒಪ್ಪಬೇಕು.

ಮೋಶೆಯ ನಂತರ ನಾಯಕನಾದ ಯೆಹೋಶುವ ಶೆಕೆಮ್ ಊರಿನಲ್ಲಿ ಅದನ್ನೇ ಮಾಡಿದ. ಕ್ರಿಸ್ತಪೂರ್ವ 622ರ ಹೊತ್ತಿಗೆ ದೇವಾಲಯದಲ್ಲಿ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿದಾಗ ಅರಸ ಯೋಷೀಯ ಬಟ್ಟೆ ಹರಿದುಕೊಂಡ, ಪ್ರವಾದಿನಿ ಹುಲ್ದಳ ಬಳಿ ಜನರನ್ನು ಕಳಿಸಿ ವಿಚಾರಿಸಿದ, ಎಲ್ಲರನ್ನೂ ಸೇರಿಸಿ ಒಡಂಬಡಿಕೆ ಮಾಡಿದ, ಈಜಿಪ್ಟಿನಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬ ನಡೆಸಿದ. ಬಾಬೆಲಿನ ಸೆರೆಯಿಂದ ಮರಳಿದ ಮೇಲೆ ಯೆರೂಸಲೇಮಿನ ನೀರುಬಾಗಿಲ ಮುಂದೆ ಶಾಸ್ತ್ರಿ ಎಜ್ರ ಧರ್ಮಶಾಸ್ತ್ರ ಓದಿದಾಗ ಜನ ಅತ್ತರು.

ಯೋಷೀಯನ ಕಾಲವನ್ನು ಕಣ್ಣಾರೆ ಕಂಡವನು ಪ್ರವಾದಿ ಯೆರೆಮೀಯ. ಅಷ್ಟು ದೊಡ್ಡ ಸುಧಾರಣೆಯೂ ನಿಲ್ಲಲಿಲ್ಲ ಎನ್ನುವುದು ಅವನಿಗೆ ಗೊತ್ತು. ಅದಕ್ಕೇ ಅವನ ಗ್ರಂಥದ 31ನೇ ಅಧ್ಯಾಯದಲ್ಲಿ "ಹೊಸ ಒಡಂಬಡಿಕೆ" ಎನ್ನುವ ಮಾತು ಬರುತ್ತದೆ. ಅಲ್ಲಿ ದೇವರ ಆಜ್ಞೆ ಬದಲಾಗುವುದಿಲ್ಲ, ಅದನ್ನು ಬರೆಯುವ ಜಾಗ ಬದಲಾಗುತ್ತದೆ. ಕಲ್ಲಿನ ಬದಲು ಹೃದಯ. ಯಾರ ಜೊತೆ? ಇಸ್ರಾಯೇಲ್ ಮತ್ತು ಯೆಹೂದ ಮನೆತನದವರ ಜೊತೆ. ಈ ಸಾಲನ್ನು ನಾವು ಕ್ರೈಸ್ತರು ಸುಮ್ನೆ ದಾಟಿಬಿಡುತ್ತೇವೆ.

ಈಗ ಲೂಕನ 22ನೇ ಅಧ್ಯಾಯಕ್ಕೆ ಬನ್ನಿ. ಪಸ್ಕದ ಊಟ ನಡೆದಿದೆ. ಯೇಸು ಪಾತ್ರೆ ಎತ್ತಿ, ಇದು ನನ್ನ ರಕ್ತದಲ್ಲಿ ಆಗುವ ಹೊಸ ಒಡಂಬಡಿಕೆ ಎನ್ನುತ್ತಾರೆ. ರಕ್ತ ಮತ್ತು ಊಟ ಸೀನಾಯಿಯದು, "ಹೊಸ" ಎನ್ನುವುದು ಯೆರೆಮೀಯನದು. ಸುತ್ತ ಕೂತಿದ್ದವರೆಲ್ಲ ಯೆಹೂದ್ಯರೇ. ಅವರಿಗೆ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಆ ಕಾಲದಲ್ಲಿ ಮೃತ ಸಮುದ್ರದ ಬಳಿ ಇದ್ದ ಕುಮ್ರಾನ್ ಎಂಬ ಯೆಹೂದ್ಯ ಪಂಗಡದವರೂ ವರ್ಷಕ್ಕೊಮ್ಮೆ ಒಡಂಬಡಿಕೆಯನ್ನು ಹೊಸದು ಮಾಡಿಕೊಳ್ಳುತ್ತಿದ್ದರು.

ಹಾಗಾದರೆ ಇಬ್ರಿಯರಿಗೆ ಬರೆದ ಪತ್ರಿಕೆ, ಮೊದಲನೆಯದು ಹಳತಾಯಿತು ಎನ್ನುತ್ತದಲ್ಲ? ನಿಜ, 8ನೇ ಅಧ್ಯಾಯ ಹಾಗೆ ಹೇಳುತ್ತದೆ. ಆದರೆ ಅದನ್ನು ಹೇಳಲು ಅದು ಯೆರೆಮೀಯನ ಆ ಭಾಗವನ್ನೇ ಉದ್ದಕ್ಕೂ ಎತ್ತಿ ಬರೆಯುತ್ತದೆ. ಅಲ್ಲಿ ಮಾತು ಮುಖ್ಯವಾಗಿ ಯಾಜಕತ್ವ ಮತ್ತು ಬಲಿಗಳದು ಎಂದು ನಾನು ಓದುತ್ತೇನೆ. ಪೌಲನಂತೂ ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದಲ್ಲಿ, ಇಸ್ರಾಯೇಲರಿಗೆ ದೇವರು ಕೊಟ್ಟ ವರಗಳನ್ನೂ ಕರೆಯನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾನೆ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಓದಬೇಕು. ಒಂದನ್ನು ಮಾತ್ರ ಹಿಡಿದುಕೊಂಡು ಯೆಹೂದ್ಯರನ್ನು ದೇವರು ಕೈಬಿಟ್ಟ ಎಂದು ಕ್ರೈಸ್ತ ಸಭೆ ಶತಮಾನಗಳ ಕಾಲ ಬೋಧಿಸಿತು. ಅದರಿಂದ ಆದ ಅನ್ಯಾಯ ಸಣ್ಣದಲ್ಲ.

ಈ ಪ್ರಶ್ನೆ ಕೇಳಿದವರಿಗೆ ನಾನು ಹೇಳುವುದು ಇಷ್ಟೆ: ಮುಂದಿನ ಸಲ ಕರ್ತನ ಭೋಜನಕ್ಕೆ ಹೋಗುವ ಮುಂಚೆ ವಿಮೋಚನಕಾಂಡ 24, ಯೆರೆಮೀಯ 31, ಲೂಕ 22 ಇದೇ ಸಾಲಿನಲ್ಲಿ ಓದಿ. ಅರ್ಧ ಗಂಟೆ ಸಾಕು.