ಗಣರಾಜ್ಯದ ನಾಣ್ಯದಲ್ಲಿ ಚಕ್ರವರ್ತಿಗೇನು ಕೆಲಸ?

ನನ್ನ ನಾಣ್ಯಗಳ ಪೆಟ್ಟಿಗೆ ತೆರೆದಾಗಲೆಲ್ಲ ಮನೆಗೆ ಬಂದವರ ಕೈ ಮೊದಲು ಹೋಗುವುದು ಐದು ಫ್ರಾಂಕಿನ ಬೆಳ್ಳಿ ನಾಣ್ಯಕ್ಕೆ. ಇಪ್ಪತ್ತೈದು ಗ್ರಾಂ ತೂಕ. ಒಂದು ಮುಖದಲ್ಲಿ ನೆಪೋಲಿಯನ್, ಕಿರೀಟವಿಲ್ಲ, ಬರಿದಲೆ. ಸುತ್ತ ‘ನೆಪೋಲಿಯನ್ ಚಕ್ರವರ್ತಿ’ ಎಂದು ಫ್ರೆಂಚ್ ಭಾಷೆಯಲ್ಲಿ ಕೊರೆದಿದೆ. ತಿರುಗಿಸಿದರೆ ಎಲೆಗಳ ಮಾಲೆ, ಅದರ ಸುತ್ತ ‘ಫ್ರೆಂಚ್ ಗಣರಾಜ್ಯ’, ಕೆಳಗೆ ‘ವರ್ಷ 13’. ಕ್ರಾಂತಿಯವರ ಪಂಚಾಂಗದ ಹದಿಮೂರನೆಯ ವರ್ಷ, ಅಂದರೆ 1804–05.

ಟಂಕಸಾಲೆಯವರು ಅಚ್ಚು ಅದಲುಬದಲು ಮಾಡಿದರೇ ಎಂದು ಕೇಳುತ್ತಾರೆ. ಇಲ್ಲ ಎಂದರೆ ಅಸಲಿ ಪ್ರಶ್ನೆ ಹೊರಬರುತ್ತದೆ: 1793ರಲ್ಲಿ ರಾಜನ ತಲೆ ಕಡಿದ ಜನ ಹನ್ನೊಂದೇ ವರ್ಷದಲ್ಲಿ ಚಕ್ರವರ್ತಿಗೆ ತಲೆಬಾಗಿದ್ದು ಹೇಗೆ? ಅಷ್ಟೆಲ್ಲ ರಕ್ತ ಹರಿಸಿದ್ದು ಇದಕ್ಕಾಗಿಯೇ?

ಜನ ಚಂಚಲರು, ನೆಪೋಲಿಯನ್ ಮಹಾ ಚತುರ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಮೂವತ್ತು ವರ್ಷ ಬ್ಯಾಂಕಿನ ನಗದು ಕೌಂಟರಿನಲ್ಲಿ ಕುಳಿತವನು ನಾನು. ನನ್ನ ಕಣ್ಣು ಸಿಂಹಾಸನಕ್ಕಿಂತ ಮೊದಲು ಕಾಗದಪತ್ರಗಳ ಕಡೆಗೆ ಹೋಗುತ್ತದೆ. ಈ ಕಥೆ ಶುರುವಾಗುವುದೂ ಸಾಲದಿಂದಲೇ.

1788ರಲ್ಲಿ ಫ್ರೆಂಚ್ ಸರ್ಕಾರದ ಖರ್ಚಿನ ಸುಮಾರು ಅರ್ಧ ಭಾಗ ಹಳೆಯ ಸಾಲ ತೀರಿಸುವುದಕ್ಕೇ ಹೋಗುತ್ತಿತ್ತು. ಆ ವರ್ಷದ ಆಗಸ್ಟ್ 10ರಂದು ಹದಿನಾರನೆಯ ಲೂಯಿ ವರ್ಸೇಯ ಅರಮನೆಯಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳನ್ನು ಭಾರಿ ವೈಭವದಿಂದ ಬರಮಾಡಿಕೊಂಡ. ಶ್ರೀರಂಗಪಟ್ಟಣದಿಂದ ಅಷ್ಟು ದೂರ ಹೋದವರು ಕೇಳಿದ್ದು ಬ್ರಿಟಿಷರ ವಿರುದ್ಧ ಸೈನ್ಯದ ನೆರವು, ಸಿಕ್ಕಿದ್ದು ಉಪಚಾರ. ಸರಿಯಾಗಿ ಆರು ದಿನಗಳ ನಂತರ, ಆಗಸ್ಟ್ 16ರಂದು, ಆ ರಾಜನ ಖಜಾನೆ ಪಾವತಿಗಳನ್ನು ತಡೆಹಿಡಿಯಿತು! ಪಾಪ, ಆ ರಾಯಭಾರಿಗಳು ದಿವಾಳಿಯ ಮನೆಯಲ್ಲಿ ನೆಂಟರಾಗಿದ್ದರು.

ತೆರಿಗೆಗೆ ಒಪ್ಪಿಗೆ ಬೇಕಾಗಿ, 1614ರ ನಂತರ ಸೇರಿಯೇ ಇರದಿದ್ದ ಮೂರು ವರ್ಗಗಳ ಮಹಾಸಭೆಯನ್ನು ಲೂಯಿ 1789ರ ಮೇ ತಿಂಗಳಲ್ಲಿ ಕರೆದ. ಮುಂದಿನದು ಶಾಲೆಯ ಪಾಠದಲ್ಲಿದೆ: ಬಾಸ್ಟಿಲ್ ಕೋಟೆ ಬಿತ್ತು, ಆಗಸ್ಟ್ 4ರ ರಾತ್ರಿ ಜಹಗೀರುದಾರರು ತಮ್ಮ ವಿಶೇಷ ಹಕ್ಕುಗಳನ್ನು ಬಿಟ್ಟುಕೊಟ್ಟರು. ಪಾಠದಲ್ಲಿ ಒಂದು ಸಾಲಿಗೆ ಮುಗಿಯುವ ಸಂಗತಿಯೇ ನನಗೆ ಮುಖ್ಯ. 1789ರ ನವೆಂಬರ್ 2ರಂದು ಚರ್ಚಿನ ಆಸ್ತಿಯೆಲ್ಲ ರಾಷ್ಟ್ರದ ಸ್ವತ್ತಾಯಿತು. ಅದನ್ನು ಆಧಾರವಾಗಿಟ್ಟು ‘ಅಸಿನ್ಯಾ’ ಎಂಬ ಕಾಗದದ ಹಣ ಹೊರಡಿಸಿದರು, ಜಮೀನನ್ನು ಹರಾಜಿಗಿಟ್ಟರು. ಕೊಂಡವರಿಗೆ ಹನ್ನೆರಡು ವರ್ಷಗಳ ಕಂತು.

ಮೊದಲು 40 ಕೋಟಿ ಲಿವ್ರ್ ಮೌಲ್ಯದ ಕಾಗದ ಎಂದಿದ್ದವರು ಯುದ್ಧ ಬಂದ ಮೇಲೆ ಅಚ್ಚು ಹಾಕುವುದನ್ನು ನಿಲ್ಲಿಸಲೇ ಇಲ್ಲ. ನೋಟಿನ ಬೆಲೆ ಪಾತಾಳಕ್ಕಿಳಿಯಿತು. ಕೊನೆಗೆ 1796ರ ಫೆಬ್ರುವರಿಯಲ್ಲಿ ಅದರ ಮುದ್ರಣ ಸಾಮಗ್ರಿಯನ್ನೇ ಪ್ಯಾರಿಸ್ಸಿನ ವಾಂಡೋಮ್ ಚೌಕದಲ್ಲಿ ಜನರ ಎದುರೇ ಸುಟ್ಟರು. ಕೂಲಿಯನ್ನು ನೋಟಿನಲ್ಲಿ ಪಡೆದವನು ಮುಳುಗಿದ. ಜಮೀನು ಕೊಂಡು ಕಂತು ಕಟ್ಟುತ್ತಿದ್ದವನು? ಸಾಲದ ಮೊತ್ತ ಅಷ್ಟೇ, ನೋಟು ಮಾತ್ರ ದಿನೇದಿನೇ ಸೋವಿ. ವಕೀಲರು, ವ್ಯಾಪಾರಿಗಳು, ಅನುಕೂಲಸ್ಥ ರೈತರು ಮಠದ ಹೊಲಗಳನ್ನು ಅಗ್ಗದಲ್ಲಿ ತಮ್ಮದಾಗಿಸಿಕೊಂಡರು.

ಆದರೆ ಅವರ ನಿದ್ದೆ ಕೆಟ್ಟಿತ್ತು. ದೇಶ ಬಿಟ್ಟು ಹೋಗಿದ್ದ ರಾಜನ ತಮ್ಮ 1795ರಲ್ಲಿ ಇಟಲಿಯ ವೆರೋನಾದಿಂದ ಪ್ರಕಟಣೆ ಹೊರಡಿಸಿದ: ತಾನು ಮರಳಿದರೆ ಹಳೆಯ ವ್ಯವಸ್ಥೆಯೇ ಮರಳುತ್ತದೆ, ಅಣ್ಣನನ್ನು ಕೊಂದವರಿಗೆ ಶಿಕ್ಷೆ ತಪ್ಪದು. ಇತ್ತ ಉಗ್ರ ಕ್ರಾಂತಿಕಾರಿ ರೋಬೆಸ್ಪಿಯರ್‌ನ ಕಾಲದ, ತಲೆ ಕಡಿಯುವ ಗಿಲೊಟಿನ್ ಯಂತ್ರದ ನೆನಪಿನ್ನೂ ಹಸಿಯಾಗಿತ್ತು. ನಡುವೆ ಬಂದ ಐವರು ನಿರ್ದೇಶಕರ ಸರ್ಕಾರವೋ, ತನಗೆ ಒಗ್ಗದ ಚುನಾವಣೆಯ ಫಲಿತಾಂಶಗಳನ್ನೇ ರದ್ದು ಮಾಡುತ್ತಿತ್ತು. ರಾಜ ಬಂದರೆ ಹೊಲ ಹೋಗುತ್ತದೆ, ಉಗ್ರರು ಬಂದರೆ ತಲೆ ಹೋಗುತ್ತದೆ. ಎರಡನ್ನೂ ಉಳಿಸಿಕೊಡುವ ಕಾವಲುಗಾರ ಬೇಕಿತ್ತು. 1799ರ ನವೆಂಬರಿನಲ್ಲಿ ಸೈನ್ಯದ ಬಲದಿಂದ ಅಧಿಕಾರ ಹಿಡಿದ ನೆಪೋಲಿಯನ್‌ಗೆ ಇದು ಚೆನ್ನಾಗಿ ತಿಳಿದಿತ್ತು. 1801ರಲ್ಲಿ ಪೋಪ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಚರ್ಚಿನ ಆಸ್ತಿ ಕೊಂಡವರ ತಂಟೆಗೆ ಬರುವುದಿಲ್ಲ ಎಂದು ಪೋಪ್ ಕೈಯಿಂದಲೇ ಬರೆಸಿಕೊಂಡ.

1804ರ ಡಿಸೆಂಬರ್ 2ರಂದು ನೋತ್ರ್ ದಾಮ್ ಚರ್ಚಿನಲ್ಲಿ ಅವನು ತಾನೇ ಕಿರೀಟ ಧರಿಸಿದ್ದನ್ನು ಎಲ್ಲರೂ ಬಲ್ಲರು. ಕಡೆಯಲ್ಲಿ ಅವನು ಸ್ವೀಕರಿಸಿದ ಪ್ರಮಾಣವಚನವನ್ನು ಯಾರೂ ಓದುವುದಿಲ್ಲ. ಗಣರಾಜ್ಯದ ನೆಲವನ್ನು ಕಾಯುತ್ತೇನೆ, ಸಮಾನ ಹಕ್ಕನ್ನೂ ಪೂಜೆಯ ಸ್ವಾತಂತ್ರ್ಯವನ್ನೂ ಗೌರವಿಸುತ್ತೇನೆ, ರಾಷ್ಟ್ರದ ಆಸ್ತಿಯ ಮಾರಾಟಗಳು ರದ್ದಾಗದಂತೆ ನೋಡಿಕೊಳ್ಳುತ್ತೇನೆ. ಪಟ್ಟಾಭಿಷೇಕದಲ್ಲಿ ಕ್ರಯಪತ್ರದ ಮಾತು! ಈ ವಚನಕ್ಕೆ ಸಾಕ್ಷಿಯಾಗಲು ಮನಸ್ಸಿಲ್ಲದ ಪೋಪ್ ಆ ಹೊತ್ತಿಗೆ ಒಳಕೋಣೆಗೆ ಸರಿದಿದ್ದರು. ಆ ವರ್ಷದ ಸಂವಿಧಾನದ ಮೊದಲ ವಿಧಿಯೂ ಗಣರಾಜ್ಯದ ಸರ್ಕಾರವನ್ನು ಒಬ್ಬ ಚಕ್ರವರ್ತಿಗೆ ವಹಿಸಲಾಗಿದೆ ಎಂದೇ ಹೇಳುತ್ತದೆ. ನಾಣ್ಯದ ಮೇಲಿರುವುದು ಅದೇ ವಾಕ್ಯದ ಎರಡು ತುಂಡು.

ಹಾಗೆಂದು ಜನ ಮನಸಾರೆ ಒಪ್ಪಿದರು ಎಂದುಕೊಳ್ಳಬೇಡಿ. ಅಧಿಕಾರ ಹಿಡಿದ ನೆಪೋಲಿಯನ್ ತಂದ ಸಂವಿಧಾನದ ಬಗ್ಗೆ ನಡೆಸಿದ 1800ರ ಜನಮತದಲ್ಲಿ ಸುಮಾರು 30 ಲಕ್ಷ ಪರ, ಕೇವಲ 1,562 ವಿರೋಧ ಎಂದು ಘೋಷಿಸಿದರು. ಅಂಥ ತಾಳೆಪಟ್ಟಿ ನನ್ನ ಮೇಜಿಗೆ ಬಂದಿದ್ದರೆ ಸಹಿ ಹಾಕದೆ ಹಿಂದಕ್ಕೆ ಕಳಿಸುತ್ತಿದ್ದೆ. ಲೆಕ್ಕ ಬರೆಸಿದ ಗೃಹಮಂತ್ರಿ ನೆಪೋಲಿಯನ್ನನ ತಮ್ಮ ಲೂಸಿಯೆನ್. ನಿಜವಾದ ಪರಮತಗಳು ಅದರ ಅರ್ಧದಷ್ಟು ಎಂದು ಇತಿಹಾಸಕಾರರು ಆಮೇಲೆ ತೋರಿಸಿಕೊಟ್ಟರು. ಅದೇ ವರ್ಷ ಪ್ಯಾರಿಸ್ಸಿನ 73 ಪತ್ರಿಕೆಗಳಲ್ಲಿ 60ಕ್ಕೆ ಬೀಗ ಬಿತ್ತು. 1802ರಲ್ಲಿ ವಸಾಹತುಗಳಿಗೆ ಗುಲಾಮಗಿರಿ ವಾಪಸಾಯಿತು. 1804ರ ನಾಗರಿಕ ಸಂಹಿತೆ ಹೆಂಡತಿ ಗಂಡನ ಮಾತು ಕೇಳಬೇಕೆಂದು ಕಾನೂನೇ ಮಾಡಿತು. ಕಾವಲುಗಾರ ಸಂಬಳ ಜಾಸ್ತಿಯೇ ಪಡೆದ.

1809ರಿಂದ ನಾಣ್ಯದ ಹಿಂಬದಿಯಲ್ಲಿ ‘ಫ್ರೆಂಚ್ ಸಾಮ್ರಾಜ್ಯ’ ಎಂದು ಬಂತು. ಐದು ವರ್ಷಕ್ಕೆ ಸಾಮ್ರಾಜ್ಯವೂ ಬಿತ್ತು. ವೆರೋನಾದಿಂದ ಗುಡುಗಿದ್ದ ಅದೇ ತಮ್ಮ ಹದಿನೆಂಟನೆಯ ಲೂಯಿಯಾಗಿ ಸಿಂಹಾಸನವೇರಿ 1814ರಲ್ಲಿ ಒಂದು ಸನ್ನದು ಹೊರಡಿಸಿದ. ಅದರ ಒಂಬತ್ತನೆಯ ವಿಧಿ: ಎಲ್ಲ ಆಸ್ತಿಯೂ ಅಬಾಧಿತ, ‘ರಾಷ್ಟ್ರೀಯ’ ಎಂದು ಕರೆಯಲಾಗುವ ಆಸ್ತಿಯೂ ಸೇರಿದಂತೆ.